ಗಾಳಿ ಡಬ್ಬಕ್ಕೆ ತೂತು ಕೊರೆಯುವ ಮುನ್ನ



ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಒಂದು ಸ್ವಲ್ಪ ಬೇರೆ ತರಹದ್ದು. ಠಾಣೆಯ ಹುಡುಗನೊಬ್ಬ ತನ್ನ ಜೀಪಿನ ಏರ್ ಫಿಲ್ಟರ್ ಡಬ್ಬದ ಬಗ್ಗೆ ಕೇಳಿದ್ದಾನೆ. ಸೆಕೆಂಡ್ ಹ್ಯಾಂಡ್ ಟರ್ಬೊ ಡೀಸೆಲ್ ಜೀಪು, ಕಂತು ಇನ್ನೂ ಮುಗಿದಿಲ್ಲ. ಗ್ಯಾರೇಜಿನವರು, "ಕಂಪನಿಯ ಡಬ್ಬ ಕಿತ್ತುಬಿಡಿ, ಓಪನ್ ಫಿಲ್ಟರ್ ಹಾಕೋಣ, ಹತ್ತು ಹಾರ್ಸ್‌ಪವರ್ ಗ್ಯಾರಂಟಿ" ಎಂದಿದ್ದಾರೆ. ಟೆಕ್ಸಾಸ್‌ನಲ್ಲಿರುವ ದೊಡ್ಡಪ್ಪನ ಮಗ ತನ್ನ ಸೂಪರ್‌ಚಾರ್ಜರ್ ಇರುವ ಫೋರ್ಡ್ ಟ್ರಕ್ಕಿನ ಡಬ್ಬಕ್ಕೆ ತಾನೇ ತೂತು ಕೊರೆದು ಲಾಭ ಕಂಡಿದ್ದಾನಂತೆ. ಅಪ್ಪನಿಗೆ ಹೇಳಿದರೆ ಬೈಯುತ್ತಾರೆ, ನೀವೇ ಹೇಳಿ ಎಂದು ಕೊನೆಯ ಸಾಲು.

ಅಪ್ಪ ಬೈಯುವುದು ಖರ್ಚಿಗಾಗಿ. ನನಗೆ ತೋಚುವ ಕಾರಣ ಬೇರೆ.

ಮೊದಲು ಆ ಡಬ್ಬದೊಳಗೆ ಏನಿದೆ ನೋಡಿ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಸುಮಾರು 9 ಸಾವಿರ ಲೀಟರ್ ಗಾಳಿ ಬೇಕು. ಡೀಸೆಲ್ ಇಂಜಿನ್‌ಗೆ ಇನ್ನೂ ಹೆಚ್ಚು. ನಮ್ಮ ಮುಂಬಯಿಯಲ್ಲಿ ಅಷ್ಟು ಗಾಳಿ ಎಂದರೆ ಕಟ್ಟಡ ಕೆಲಸದ ಸಿಮೆಂಟು, ಮರಳಿನ ಪುಡಿ ಎಲ್ಲ ಸೇರಿಯೇ ಬರುತ್ತದೆ. ಅದನ್ನು ತಡೆಯುವುದು ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್. ಡಬ್ಬದ ಬಾಯಿ ಸಾಮಾನ್ಯವಾಗಿ ಇಂಜಿನ್ನಿನ ಶಾಖ ತಾಕದ ಕಡೆ, ಎತ್ತರದಲ್ಲಿ ಇರುತ್ತದೆ. ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತು. ಪಕ್ಕದಲ್ಲಿ ಯಾತಕ್ಕೂ ಬೇಡವೆಂಬಂತೆ ಅಂಟಿಕೊಂಡ ಖಾಲಿ ಕೋಣೆ. ಗ್ಯಾರೇಜಿನವರು ಮೊದಲು ಕೀಳುವುದು ಈ ಕೋಣೆಯನ್ನೇ. ಅದು ಇರುವುದು ಗಾಳಿಯ ಬುಸುಗುಟ್ಟುವ ಸದ್ದನ್ನು ಅಡಗಿಸಲು. ಕಿತ್ತ ಮೇಲೆ ಆಕ್ಸಿಲರೇಟರ್ ಒತ್ತಿದರೆ ಜೀಪು ಗುರುಗುಟ್ಟುತ್ತದೆ, ಹುಡುಗರು ಆ ಸದ್ದನ್ನೇ ಶಕ್ತಿ ಎಂದುಕೊಳ್ಳುತ್ತಾರೆ. ಸದ್ದು ಬೇಕೆಂದೇ ಮಾಡಿಸುವವರೂ ಇದ್ದಾರೆ. ಅವರೊಡನೆ ನನ್ನ ವಾದವಿಲ್ಲ, ಆದರೆ ಹಾರ್ಸ್‌ಪವರ್ ಎಂಬ ಹೆಸರಿನಲ್ಲಿ ಬಿಲ್ ಕೊಡಬೇಡಿ.

ಹಾಗಾದರೆ ಟೆಕ್ಸಾಸ್‌ನ ಅಣ್ಣ ಸುಳ್ಳು ಹೇಳಿದನೇ? ಇಲ್ಲ. ಫೋರ್ಡ್ ಕಂಪನಿ 1999ರಿಂದ 2004ರವರೆಗೆ ಎಫ್-150 ಲೈಟ್ನಿಂಗ್ ಎಂಬ ಟ್ರಕ್ ಮಾಡಿತು. 5.4 ಲೀಟರಿನ ವಿ-8 ಇಂಜಿನ್, ಅದರ ಮೇಲೆ ಈಟನ್ ಸೂಪರ್‌ಚಾರ್ಜರ್, 2001ರಿಂದ 380 ಹಾರ್ಸ್‌ಪವರ್. ಪೂರ್ತಿ ಓಡಿಸುವಾಗ ನಿಮಿಷಕ್ಕೆ ಸುಮಾರು 15 ಸಾವಿರ ಲೀಟರ್ ಗಾಳಿ ನುಂಗುವ ಗಾಡಿ. ನಮ್ಮ ನೂರು ಹಾರ್ಸ್‌ಪವರ್ ಜೀಪಿಗೆ ಅದರ ಮೂರನೇ ಒಂದು ಪಾಲು ಸಾಕು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಸೂಪರ್‌ಚಾರ್ಜರ್ ಅನ್ನು ಇಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತದೆ. ಇಂಜಿನ್ ಎಷ್ಟು ಸುತ್ತಿದರೆ ಅದು ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಸುತ್ತುತ್ತದೆ. ಬಾಯಲ್ಲಿ ಗಾಳಿ ಕಡಿಮೆಯಾದರೆ ಸರಿದೂಗಿಸಿಕೊಳ್ಳುವ ದಾರಿ ಅದಕ್ಕಿಲ್ಲ. ಗಾಳಿಯನ್ನು ಒಂದೂವರೆ ಪಟ್ಟು ಒತ್ತುವ ಸೂಪರ್‌ಚಾರ್ಜರ್‌ನಲ್ಲಿ ಒಳಬಾಗಿಲಲ್ಲಿ ಆದ ಕೊರತೆ ಹೊರಬಾಗಿಲಲ್ಲಿ ಒಂದೂವರೆ ಪಟ್ಟಾಗಿ ಕಾಣುತ್ತದೆ. ಅಂಥ ಗಾಡಿಗೆ ಡಬ್ಬದ ಬಾಯಿ ದೊಡ್ಡದು ಮಾಡುವುದರಲ್ಲಿ ಅರ್ಥವಿದೆ.

ಟರ್ಬೊ ಹಾಗಲ್ಲ. ಅದನ್ನು ತಿರುಗಿಸುವುದು ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಒಂದು ಒತ್ತಡವನ್ನು ಗೊತ್ತುಮಾಡಿಕೊಂಡು ಟರ್ಬೊವನ್ನು ಅಲ್ಲಿಗೆ ನಿಲ್ಲಿಸುತ್ತದೆ. ಬಾಯಲ್ಲಿ ಸ್ವಲ್ಪ ಅಡ್ಡಿ ಇದ್ದರೆ ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಸರಿಮಾಡಿಕೊಳ್ಳುತ್ತದೆ. ಅಡ್ಡಿ ತೆಗೆದರೆ ನಿಧಾನ ತಿರುಗುತ್ತದೆ, ಒತ್ತಡ ಅಷ್ಟೇ. ಅಮೆರಿಕದ ಟ್ರಕ್ಕಿನ ಔಷಧಿಯನ್ನು ಠಾಣೆಯ ಜೀಪಿಗೆ ಕುಡಿಸಿದರೆ ರೋಗವೇ ಬೇರೆಯಾದ್ದರಿಂದ ಗುಣ ಕಾಣುವುದಿಲ್ಲ.

ನನ್ನ ಮಾತನ್ನು ನಂಬಬೇಡಿ, ಅಳೆದು ನೋಡಿ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ಸಾಕಷ್ಟು ಉದ್ದದ್ದು ತನ್ನಿ. ಕುರ್ಲಾದ ಸಿ.ಎಸ್.ಟಿ. ರೋಡಿನ ಹಳೇ ಸಾಮಾನಿನವರಲ್ಲಿ ನಿಮ್ಮ ಗಾಡಿಯದೇ ಡಬ್ಬದ ಮುಚ್ಚಳ ಹುಡುಕಿ, ಅದಕ್ಕೊಂದು ಸಣ್ಣ ನಿಪ್ಪಲ್ ಕೂರಿಸಿ (ಒಳ್ಳೆಯ ಮುಚ್ಚಳ ಕೊರೆಯಬೇಡಿ). ನಿಪ್ಪಲ್ ಫಿಲ್ಟರ್ ದಾಟಿದ ಕಡೆ ಬರಬೇಕು. ಪೈಪನ್ನು ಎರಡು ತೋಳಾಗಿ ಮಡಚಿ ಹಲಗೆಗೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ. ತೋಳುಗಳು ಮೀಟರ್ ಎತ್ತರ ಇರಲಿ, ಇಲ್ಲವಾದರೆ ಆ ನೀರನ್ನೇ ಇಂಜಿನ್ ಎಳೆದುಕೊಂಡೀತು. ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ಗಾಳಿಗೆ. ಖೋಪೋಲಿಯಿಂದ ಬೋರ್ ಘಾಟ್ ಹತ್ತುವಾಗ ಪೂರ್ತಿ ಆಕ್ಸಿಲರೇಟರ್ ಒತ್ತಿದ ಹೊತ್ತಿನಲ್ಲಿ ಎರಡೂ ತೋಳಿನ ನೀರಿನ ಎತ್ತರದ ವ್ಯತ್ಯಾಸ ಎಷ್ಟೆಂದು ಪಕ್ಕದಲ್ಲಿ ಕುಳಿತ ಗೆಳೆಯ ಓದಲಿ. ಓಡಿಸುವವನು ರಸ್ತೆ ನೋಡಲಿ.

ವಾತಾವರಣದ ಒತ್ತಡ ಸುಮಾರು 10 ಮೀಟರ್ ನೀರಿಗೆ ಸಮ. ಹಾಗಾಗಿ ಲೆಕ್ಕ ಸುಲಭ: 10 ಸೆಂಟಿಮೀಟರ್ ವ್ಯತ್ಯಾಸ ಎಂದರೆ ಶೇಕಡಾ 1 ನಷ್ಟ. ನಿಮಗೆ 20 ಸೆಂಟಿಮೀಟರ್ ಬಂತು ಎನ್ನಿ, ಡಬ್ಬವನ್ನು ಪೂರ್ತಿ ಸಮುದ್ರಕ್ಕೆ ಎಸೆದರೂ ಶೇಕಡಾ 2ಕ್ಕಿಂತ ಹೆಚ್ಚು ಗಾಳಿ ಸಿಗುವಂತಿಲ್ಲ. ಹತ್ತು ಹಾರ್ಸ್‌ಪವರ್ ಆ ಡಬ್ಬದೊಳಗೆ ಅಡಗಿ ಕುಳಿತಿಲ್ಲ. ಎದುರಿಗೆ ನಷ್ಟದ ಲೆಕ್ಕ: ಗಾಳಿ 3 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 1 ತೆಳುವಾಗುತ್ತದೆ. ಸಯನ್ ಸರ್ಕಲ್ ಟ್ರಾಫಿಕ್ಕಿನಲ್ಲಿ ಬಾನೆಟ್ ಒಳಗಿನ ಗಾಳಿ ಹೊರಗಿಗಿಂತ 20 ಡಿಗ್ರಿ ಬಿಸಿ ಇದ್ದರೆ ಓಪನ್ ಫಿಲ್ಟರ್ ಕುಡಿಯುವುದು ಅದನ್ನೇ, ಶೇಕಡಾ 6 ಹೋಯಿತು. ಇಂಟರ್‌ಕೂಲರ್ ಅದರಲ್ಲಿ ಸ್ವಲ್ಪ ಉಳಿಸಿಕೊಡುತ್ತದೆ, ಎಲ್ಲವನ್ನೂ ಅಲ್ಲ.

ವಾಶಿ ಮಾರ್ಕೆಟ್ಟಿಗೆ ಬರುವ ಲಾರಿಗಳನ್ನು ಗಮನಿಸಿದ್ದೀರಾ? ಎಷ್ಟೋ ಲಾರಿಗಳಲ್ಲಿ ಗಾಳಿಯ ಬಾಯಿ ಕ್ಯಾಬಿನ್ನಿನ ಹಿಂದೆ ಎತ್ತರದಲ್ಲಿರುತ್ತದೆ. ಫಿಲ್ಟರ್ ಪಕ್ಕದಲ್ಲಿ ಪುಟ್ಟ ಇಂಡಿಕೇಟರ್ ಕೂಡ ಉಂಟು. ಎಳೆತ ಸಾಮಾನ್ಯವಾಗಿ 50-60 ಸೆಂಟಿಮೀಟರ್ ನೀರಿನಷ್ಟಾದಾಗ ಅದು ಕೆಂಪು ತೋರಿಸುತ್ತದೆ, ಅಲ್ಲಿಯವರೆಗೆ ಡ್ರೈವರ್ ಫಿಲ್ಟರ್ ಮುಟ್ಟುವುದಿಲ್ಲ. ನಿಮ್ಮ ಪ್ಲಾಸ್ಟಿಕ್ ಪೈಪು ಮಾಡುವುದೂ ಇದೇ ಕೆಲಸ.

ಇನ್ನು ಮಳೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು, ಕೊಲಾಬಾದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಅಂದು ಕಾರಿನೊಳಗೇ ಉಸಿರುಗಟ್ಟಿ ತೀರಿಹೋದವರಿದ್ದರು. ಆ ದಿನದ ಮಾತು ಬಿಡಿ, ಅಂಧೇರಿ ಸಬ್‌ವೇ, ಹಿಂದ್‌ಮಾತಾ, ಗಾಂಧಿ ಮಾರ್ಕೆಟ್ಟುಗಳ ನೀರು ನಿಮಗೆ ಗೊತ್ತೇ ಇದೆ. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಪ್ಯಾಂಟು ಮಡಚಿಕೊಂಡು ಬಂದವರು ನಮ್ಮಲ್ಲಿ ಎಷ್ಟು ಮಂದಿ! ತಣ್ಣನೆ ಗಾಳಿ ಸಿಗಲಿ ಎಂದು ಫಿಲ್ಟರನ್ನು ಬಂಪರ್ ಹಿಂದೆ ಕೆಳಗೆ ಇಳಿಸಿದವರ ಗಾಡಿ ಅಂಥಲ್ಲಿ ನೀರು ಕುಡಿಯುತ್ತದೆ. 2 ಲೀಟರ್ ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ ಸುಮಾರು 33 ಸಿ.ಸಿ., ಅಂದರೆ ಅರ್ಧ ಲೋಟ ಕಟಿಂಗ್ ಚಹಾದಷ್ಟು. ಅದಕ್ಕಿಂತ ಹೆಚ್ಚು ನೀರು ಒಳಗೆ ಹೋದರೆ, ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಬಾಗುವುದು ಕನೆಕ್ಟಿಂಗ್ ರಾಡ್. ಇಂಜಿನ್ ಪ್ರೊಟೆಕ್ಷನ್ ಎಂಬ ಪ್ರತ್ಯೇಕ ರಕ್ಷಣೆ ತೆಗೆದುಕೊಂಡಿರದಿದ್ದರೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೊಡುವುದಿಲ್ಲ. ಗಾಡಿ ಬದಲಾಯಿಸಿದ್ದು ಕಂಡರೆ ಮಾತು ಇನ್ನೂ ಕಷ್ಟ. ನೀರಿನಲ್ಲಿ ಗಾಡಿ ನಿಂತುಹೋದರೆ ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಸಿ.

ಕಾನೂನಿನ ವಿಷಯ ಎರಡೇ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಡಬ್ಬದೊಳಗೆ ಅದೇ ಅಳತೆಯ ಹೊಸ ಫಿಲ್ಟರ್ ಹಾಕಿದರೆ ಯಾರ ತಕರಾರೂ ಇರದು.

ಹಾಗಾದರೆ ಏನೂ ಮಾಡಬಾರದೇ? ಮಾಡಬಹುದು. ಮುಚ್ಚಳದ ಕ್ಲಿಪ್ ಮುರಿದಿದ್ದರೆ, ರಬ್ಬರ್ ಗ್ಯಾಸ್ಕೆಟ್ ಬಿರಿದಿದ್ದರೆ ಬದಲಾಯಿಸಿ, ಫಿಲ್ಟರ್ ದಾಟದೆ ನುಸುಳುವ ಧೂಳೇ ಟರ್ಬೊ ಮತ್ತು ಪಿಸ್ಟನ್ ರಿಂಗುಗಳ ಶತ್ರು. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಕೊಳವೆಗಳ ಕ್ಲ್ಯಾಂಪ್ ಬಿಗಿಮಾಡಿಸಿ, ಕಳೆದುಹೋದ ಶಕ್ತಿ ಎಷ್ಟೋ ಸಲ ಅಲ್ಲಿಯೇ ಸೋರಿರುತ್ತದೆ. ಎಣ್ಣೆ ಹಚ್ಚುವ ಬಟ್ಟೆಯ ಫಿಲ್ಟರ್ ಹಾಕುವವರು ಕೈ ಹಿಡಿದು ಹಚ್ಚಿ, ಹೆಚ್ಚಾದರೆ ಮುಂದಿರುವ ಗಾಳಿ ಅಳೆಯುವ ಸೆನ್ಸರ್ ಕೆಡುತ್ತದೆ. ಡಬ್ಬದ ತಳದ ಆ ಸಣ್ಣ ತೂತಿನಲ್ಲಿ ಎಲೆ, ಕೆಸರು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ.

ಪೈಪಿನ ಪ್ರಯೋಗ ಮಾಡಿದವರು ಗಾಡಿಯ ಮಾಡೆಲ್, ಗೇರು, ಫಿಲ್ಟರ್ ಎಷ್ಟು ಹಳೆಯದು, ಎಷ್ಟು ಸೆಂಟಿಮೀಟರ್ ಬಂತು ಎಂದು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ಕಳಿಸಿ. ಕನ್ನಡ ಬರೆಯಲು ತೊಡಕಾದರೆ ಅಜ್ಜಿಯ ಹತ್ತಿರ ಬರೆಸಿ, ಅಂಕಿಗಳನ್ನು ಮಾತ್ರ ನೀವೇ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.