ನಮ್ಮ ಪಿಟಿ ಪೀರಿಯಡ್ ಎಲ್ಲಿ ಹೋಯ್ತು?

ಕಳೆದ ಸೆಮಿಸ್ಟರ್‌ನಲ್ಲಿ ಎನ್‌ಎಸ್‌ಎಸ್‌ನವರು ಮಾಡಿದ ರಕ್ತದಾನ ಶಿಬಿರ ನೆನಪಿರಬೇಕಲ್ಲ? ನನ್ನ ಪಕ್ಕದ ರೂಮಿನ ಜೂನಿಯರ್ ಒಬ್ಬ, ಹದಿನೆಂಟು ತುಂಬಿ ಎರಡೇ ತಿಂಗಳಾಗಿತ್ತು, ಹುರುಪಿನಿಂದ ಸಾಲಲ್ಲಿ ನಿಂತಿದ್ದ. ಬಿಪಿ ನೋಡಿದ್ರೆ 148/94. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದ್ರು, 146/92. ರಕ್ತ ಕೊಡೋಕೆ 140/90 ದಾಟಿರಬಾರದು. "ಈಗ ಬೇಡಪ್ಪ, ಮೊದಲು ಡಾಕ್ಟರಿಗೆ ತೋರಿಸು" ಅಂತ ಸಿಸ್ಟರ್ ವಾಪಸ್ ಕಳಿಸಿದ್ರು. "ಏನೋ ತಾತ, ಬಿಪಿ ಬಂತಾ?" ಅಂತ ನಾವೆಲ್ಲ ನಕ್ಕಿದ್ದೂ ನಕ್ಕಿದ್ದೇ. ಡಾಕ್ಟರ್ ಬೇರೆ ಬೇರೆ ದಿನ ನೋಡಿ ಹೆಚ್ಚೇ ಇದೆ ಅಂದಮೇಲೆ ಯಾರೂ ನಗಲಿಲ್ಲ.

ಅವನಿಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಇಲ್ಲ. ಬಿಪಿ ಹೆಚ್ಚಾಗಿ ಹೀಗೇ, ಅಳೆಯದೆ ಗೊತ್ತಾಗಲ್ಲ. ಬಯಾಲಜಿಯಲ್ಲಿ ಹೃದಯದ ನಾಲ್ಕು ಕೋಣೆಗಳ ಚಿತ್ರ ಬರೆದು ಮಾರ್ಕ್ಸ್ ತಗೊಂಡವರು ನಾವು. ನಮ್ಮದೇ ಬಿಪಿ ಎಷ್ಟು ಅಂತ ಕೇಳಿದ್ರೆ ಕ್ಲಾಸಲ್ಲಿ ನಾಲ್ಕು ಜನಕ್ಕೂ ಗೊತ್ತಿರಲ್ಲ.

ತಪ್ಪೆಲ್ಲ ಅವನದೇ ಅಂದ್ರೆ ನಾನು ಒಪ್ಪಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮಗೆ ವಾರಕ್ಕೂ ಅಷ್ಟು ಸಿಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪಿಟಿ ಪೀರಿಯಡ್ ಗಣಿತದ ಮೇಷ್ಟ್ರ ಪಾಲಾಯ್ತು. ಪಿಯುಸಿಯಲ್ಲಿ ಕಾಲೇಜು, ಕೋಚಿಂಗ್, ಸಿಇಟಿ. ಆಟ ಆಡಿದವನು ಹಾಳಾದ ಅಂತಲೇ ಲೆಕ್ಕ. ಇಲ್ಲಿಗೆ ಬಂದಮೇಲೆ ಲ್ಯಾಬ್ ಮುಗಿಸಿ ಹೊರಗೆ ಬರೋಷ್ಟರಲ್ಲಿ ಮೈದಾನಕ್ಕೆ ಬೀಗ, ಟೀಮಿನವರಿಗೆ ಮಾತ್ರ ಪ್ರವೇಶ.

ಇನ್ನು ಉಪ್ಪು. ದೊಡ್ಡವರಿಗೇ ದಿನಕ್ಕೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚ, ಅದರೊಳಗಿರಬೇಕು. ಮೆಸ್ಸಿನ ಸಾಂಬಾರು, ಹಪ್ಪಳ, ರಾತ್ರಿ ಹನ್ನೊಂದರ ನೂಡಲ್ಸ್ ಸೇರಿಸಿ ನೋಡಿ. (ಅಜ್ಜಿ ಕಳಿಸೋ ಮಿಡಿ ಉಪ್ಪಿನಕಾಯಿ ಬಿಡೋಕೆ ನನಗೂ ಆಗಲ್ಲ, ಆ ಮಾತು ಬೇರೆ.)

ಜಿಮ್ ಕಟ್ಟಿಸಿ ಅಂತ ನಾನು ಕೇಳ್ತಿಲ್ಲ. ಸಂಜೆ ಏಳರವರೆಗೆ ಮೈದಾನ ಎಲ್ಲರಿಗೂ ತೆರೆದಿಡಿ. ಲೈಬ್ರರಿ ಪಕ್ಕ ಒಂದು ಬಿಪಿ ಮೆಷಿನ್ ಇಡಿ. ಫಸ್ಟ್ ಇಯರ್ ಓರಿಯೆಂಟೇಶನ್‌ನಲ್ಲಿ ಭಾಷಣ ಒಂದು ಗಂಟೆ ಕಮ್ಮಿ ಮಾಡಿ, ಎಲ್ಲರ ಬಿಪಿ ಅಳೆದು ಆ ನಂಬರಿನ ಅರ್ಥ ಹೇಳಿ.

ಸದ್ಯಕ್ಕೆ ಅವನಿಗೆ ಮಾತ್ರೆ ಕೊಟ್ಟಿಲ್ಲ. ಉಪ್ಪು ಕಮ್ಮಿ ಮಾಡು, ದಿನಾ ಓಡಾಡು, ಮತ್ತೆ ಬಂದು ತೋರಿಸು ಅಂದಿದ್ದಾರೆ. ಬೆಳಿಗ್ಗೆ ಆರಕ್ಕೆ ನಾವು ನಾಲ್ವರು ಅವನ ಜೊತೆ ನಡೀತೀವಿ. ವಾಚ್‌ಮನ್ ಅಣ್ಣ ಗೇಟು ತೆಗೆದ್ರೆ ಮೈದಾನ, ಇಲ್ಲಾಂದ್ರೆ ಮೇನ್ ರೋಡು.