ಹರಕೆ ಇರಲಿ, ಕೂಸು ಗುಡಿ ಹತ್ತದಿರಲಿ

ನಮ್ಮ ಬಾಗಲಕೋಟೆ ಜಿಲ್ಲೆಯ ನಾಗರಾಳದ ದಿಗಂಬರೇಶ್ವರ ಗುಡಿ ಒಂದು ಕಾಲಕ್ಕೆ ದೇಶದ ಟಿವಿಗಳಲ್ಲೆಲ್ಲ ಬಂದಿತ್ತು. ಹರಕೆ ಹೊತ್ತವರ ಕೂಸುಗಳನ್ನು ಗುಡಿಯ ಮೇಲಿಂದ ಕೆಳಕ್ಕೆ ಬಿಡುವುದು, ಕೆಳಗೆ ಕಂಬಳಿ ಬಿಗಿಹಿಡಿದು ನಿಂತವರು ಹಿಡಿದುಕೊಳ್ಳುವುದು. ಕೂಸಿಗೆ ಆಯುಷ್ಯ, ಆರೋಗ್ಯ ಸಿಗುತ್ತದೆಂಬ ನಂಬಿಕೆ. ನೋಡಿದವರು ಹೌಹಾರಿದರು. ಭಕ್ತರು ಮಾತ್ರ ‘ಇಷ್ಟು ವರ್ಷ ಒಂದು ಕೂಸಿಗೂ ಏನೂ ಆಗಿಲ್ಲ’ ಅಂದರು.

ಬನಹಟ್ಟಿಯಲ್ಲಿ ಮಾಸ್ತರಕಿ ಮಾಡಿ ನಿವೃತ್ತನಾದ ನಾನು ದಿನಾ ಇಷ್ಟಲಿಂಗ ಪೂಜೆ ಮಾಡುವವ. ಮೌಢ್ಯ ನಿಷೇಧ ಕಾನೂನು ಬೇಕೆಂದು ವಾದಿಸಿದವನೂ ಹೌದು. ಹೀಗಾಗಿ ಎರಡೂ ಕಡೆ ಬೈಸಿಕೊಂಡಿದ್ದೇನೆ. ನಮ್ಮ ಓಣಿಯ ನೇಕಾರರ ಮನೆಯ ಅಜ್ಜಿ ಕೇಳಿದ್ದು: ‘ಗುರುಗಳ, ದೇವರ ಮ್ಯಾಲೂ ಕೇಸ್ ಹಾಕ್ತೀರೇನ್ರಿ?’ ಧಾರವಾಡದ ಗೆಳೆಯ ಕೇಳಿದ್ದು: ‘ಜ್ಯೋತಿಷ್ಯಾನ ಬಿಟ್ಟ ಮ್ಯಾಲ ಅದೆಂಥಾ ಕಾನೂನೋ?’

2013ರಲ್ಲಿ ಆ ಕಾನೂನಿನ ಕರಡು ಸಿದ್ಧವಾಯಿತು. ಅದೇ ವರ್ಷ ಪುಣೆಯಲ್ಲಿ ಮೌಢ್ಯದ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್, 2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಗುಂಡಿಗೆ ಬಲಿಯಾದರು. ಸಿದ್ದರಾಮಯ್ಯ ಸರ್ಕಾರ 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಪಾಸು ಮಾಡಿತು. ಅದನ್ನು 2020ರ ಜನವರಿಯಲ್ಲಿ ಜಾರಿಗೆ ತಂದದ್ದು ಯಡಿಯೂರಪ್ಪ ಸರ್ಕಾರ! ವಾಸ್ತು, ಜ್ಯೋತಿಷ್ಯ, ಜೈನರ ಕೇಶಲೋಚನ, ಕಿವಿ ಚುಚ್ಚುವುದು ಕಾನೂನಿನಿಂದ ಪಾರಾದವು. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ, ದವಡೆಗೆ ಸರಳು ಚುಚ್ಚುವ ಬಾಯಿಬೀಗ, ಬಲವಂತದಿಂದ ಕೆಂಡ ಹಾಯಿಸುವುದು, ಮಕ್ಕಳನ್ನು ಎತ್ತರದಿಂದ ಎಸೆಯುವುದು ಸಿಕ್ಕಿಬಿದ್ದವು.

ಗೆಳೆಯನಿಗೆ ಈ ರಾಜಿ ಶರಣಾಗತಿ. ನನಗೆ ಲಾಭದ ವ್ಯವಹಾರ. ಜ್ಯೋತಿಷಿಗೆ ನಾನು ಕೊಡುವ ನೂರು ರೂಪಾಯಿ ನನ್ನ ಜೇಬಿನದು, ಹೋದರೆ ಹೋಯಿತು. ಕೂಸಿನ ಮೈ ಕೂಸಿನದು. ಹರಕೆ ಹೊತ್ತದ್ದು ಅದಲ್ಲ. ಕಿವಿ ಚುಚ್ಚಿದಾಗಲೂ ಕೂಸು ಅಳುತ್ತದಲ್ಲ ಎಂದರೆ, ಹೌದು, ಕಾನೂನಿನ ಗೆರೆ ಸೊಟ್ಟಗಿದೆ. ಒಬ್ಬರೇ ಎಳೆದಿದ್ದರೆ ನೆಟ್ಟಗಿರುತ್ತಿತ್ತು, ಆದರೆ ಸದನ ದಾಟುತ್ತಿರಲಿಲ್ಲ.

ಈ ಕಾನೂನನ್ನು ಒಂದು ಧರ್ಮದ ಮೇಲಿನ ದಾಳಿ ಎನ್ನುವವರು ಮೊಹರಂ ಹೊತ್ತಿಗೆ ನಮ್ಮ ಹಳ್ಳಿಗಳಿಗೆ ಬರಬೇಕು. ಅಲ್ಲಿ ಕೆಂಡ ಹಾಯುವ ಹಿಂದೂಗಳು ಎಷ್ಟು ಬೇಕಾದರೂ ಸಿಗುತ್ತಾರೆ. ನನಗೆ ಸಿಟ್ಟು ಬರುವುದು ಭಕ್ತರ ಮೇಲಲ್ಲ, ಸದನದಲ್ಲಿ ಕಾನೂನಿಗೆ ಕೈ ಎತ್ತಿ ಜಾತ್ರೆಗೆ ಬಂದಾಗ ಬರೀ ಶಾಲು ಹೊದಿಸಿಕೊಂಡು ಹೋಗುವ ನಾಯಕರ ಮೇಲೆ.

ಜಾತ್ರೆಯ ಹಿಂದಿನ ದಿನ ಪೊಲೀಸ್ ವ್ಯಾನ್ ಕಳಿಸಿದರೆ ಹಟ ಹೆಚ್ಚುತ್ತದೆ, ಹಗಲಲ್ಲಿ ನಡೆಯುವ ಆಚರಣೆ ರಾತ್ರಿಗೆ ಹೋಗುತ್ತದೆ. ಒಂದು ತಿಂಗಳು ಮೊದಲೇ ತಹಶೀಲ್ದಾರರು ಜಾತ್ರಾ ಕಮಿಟಿಯ ಜೊತೆ ಕೂಡಬೇಕು. ಶಾಸಕರೂ ಅಲ್ಲಿರಬೇಕು, ಊರಿನ ತಾಯಂದಿರೂ. ಕೂಸನ್ನು ಕೆಳಗೆ ಬಿಡುವ ಬದಲು ಕೂಸಿನ ತೂಕದ ಬೆಲ್ಲ ಕೊಡಬಹುದು, ಮಹಾಲಿಂಗಪುರದ ಬೆಲ್ಲದ ಪೇಟೆ ಇರುವ ನಮಗೆ ಅದಕ್ಕೇನೂ ಬರವಿಲ್ಲ. ಆದರೆ ಹರಕೆ ತೀರಿತು ಎಂಬ ಮಾತು ಪೂಜಾರಿಯವರ ಬಾಯಿಂದಲೇ ಬರಬೇಕು. ತಹಶೀಲ್ದಾರರು ಹೇಳಿದರೆ ಯಾವ ತಾಯಿಯೂ ನಂಬುವುದಿಲ್ಲ.