ಕಾವಲಿನವರ ಕೈಯಲ್ಲಿ ನಾಡಿ

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆ ನಿಂತಿರುವ ಟಿಬೆಟಿಯನ್ನರಲ್ಲಿ ಅನೇಕರು ಕಾನೂನಿನ ಲೆಕ್ಕದಲ್ಲಿ ಈಗಲೂ ವಿದೇಶಿಯರೇ. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಆದರೆ ಜ್ವರ ಬಂದರೆ ಯಾರ ಅಪ್ಪಣೆಯೂ ಬೇಡ. ಶಿಬಿರದಲ್ಲಿ ಅವರದೇ ಆಸ್ಪತ್ರೆ ಇದೆ. ಅಲ್ಲಿ ಆಗದಿದ್ದರೆ ಕಾಮಗೆರೆಯ ಹೋಲಿಕ್ರಾಸ್, ಅದೂ ಸಾಲದಿದ್ದರೆ ಕೊಳ್ಳೇಗಾಲ, ಮೈಸೂರು. ಬಸ್ಸು ಹತ್ತಿದರಾಯಿತು.

ಎಲ್ಲ ವಿದೇಶಿಯರಿಗೂ ಈ ಸ್ವಾತಂತ್ರ್ಯವಿಲ್ಲ. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡವನ್ನೇ ಮಾರ್ಪಡಿಸಿ ಮಾಡಿದ ವಿದೇಶಿಯರ ಬಂಧನ ಕೇಂದ್ರವಿದೆ. ವೀಸಾ ಮುಗಿದವರು, ದಾಖಲೆ ಇಲ್ಲದವರು ಗಡಿಪಾರಾಗುವ ತನಕ ಇರಬೇಕಾದ ಜಾಗ. ಇಂಥ ಕಡೆ ಎದೆನೋವು ಬಂದರೆ ಮೊದಲು ತಿಳಿಸಬೇಕಾದ್ದು ಗೇಟಿನಲ್ಲಿರುವವರಿಗೆ. ನೋವು ನಿಜವೋ ನಾಟಕವೋ ಎಂಬ ತೀರ್ಮಾನವೂ ಅಲ್ಲೇ ಆಗಿಬಿಡುವ ಅಪಾಯವಿದೆ.

ನಮ್ಮ ಕಡೆಯವರು ಥಟ್ಟನೆ ಕೇಳುವುದು ಗೊತ್ತು: ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಲ್ಲಿ ರೋಗಿಗಳನ್ನು ಡೋಲಿ ಕಟ್ಟಿ ಹೊರುವಾಗ, ಕದ್ದು ಬಂದವರ ಆರೋಗ್ಯದ ಚಿಂತೆ ನಮಗೇಕೆ? ಪ್ರಶ್ನೆ ಒರಟಾದರೂ ಹುಸಿಯಲ್ಲ. ಆದರೆ ಡೋಲಿಗೆ ಹೆಗಲು ಕೊಡಲು ನೆಂಟರಿಷ್ಟರಿರುತ್ತಾರೆ. ಬೀಗ ಹಾಕಿದವರು ಆ ಹೆಗಲನ್ನೂ ಕಸಿದುಕೊಂಡಿರುತ್ತಾರೆ. ಆದ್ದರಿಂದ ಒಳಗಿರುವವನ ಔಷಧಿಯ ಹೊಣೆ ಕೀಲಿಕೈ ಇಟ್ಟುಕೊಂಡವರದು. ಸಂವಿಧಾನದ 21ನೇ ವಿಧಿ ಪೌರರಲ್ಲದವರ ಜೀವವನ್ನೂ ಕಾಯುತ್ತದೆಂದು ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಅಷ್ಟಕ್ಕೂ, ಹೊರಗಿನ ಕಣ್ಣಿಲ್ಲದ ಬಂಧನ ಏನು ಮಾಡುತ್ತದೆಂದು ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಡುಗಳ್ಳ ವೀರಪ್ಪನ್ ಬೇಟೆಯ ಕಾಲದಲ್ಲಿ ಮಹದೇಶ್ವರ ಬೆಟ್ಟದ ಮೇಲೆ ಪೊಲೀಸರು ಜನರನ್ನು ಕೂಡಿಹಾಕುತ್ತಿದ್ದ, 'ವರ್ಕ್‌ಶಾಪ್' ಎಂದು ಕರೆಯುತ್ತಿದ್ದ ಜಾಗವಿತ್ತು. ಅಲ್ಲಿ ಚಿತ್ರಹಿಂಸೆ ಅನುಭವಿಸಿದೆವೆಂದವರ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ಆಲಿಸಿತು. 2007ರಲ್ಲಿ 89 ಮಂದಿಗೆ ಪರಿಹಾರ ಘೋಷಣೆಯಾಯಿತು. ಆ ಜನ ವಿದೇಶಿಯರಲ್ಲ, ಇಲ್ಲಿನವರೇ. ಪೊಲೀಸರಿಗೆ ಉತ್ತರ ಹೇಳಬೇಕಿಲ್ಲದ ಒಬ್ಬ ಡಾಕ್ಟರು ಆಗಾಗ ಒಳಗೆ ಹೋಗಿ ಮೈಮೇಲಿನ ಗಾಯ ಬರೆದುಕೊಂಡಿದ್ದರೆ, ಅಷ್ಟು ವರ್ಷ ಕಾಯಬೇಕಿತ್ತೇ?

ಹಾಸಿಗೆ, ಮಾತ್ರೆ, ಆಂಬುಲೆನ್ಸ್‌ಗಳ ಪಟ್ಟಿಗಿಂತ ಮುಖ್ಯವಾದದ್ದು ವೈದ್ಯ ಯಾರ ಆಳು ಎಂಬುದು. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ವಹಿಸಿತು. ಕಟ್ಟಡ ಸರ್ಕಾರದ್ದು, ಹಣದ ಬಹುಪಾಲೂ ಅದರದೇ, ನಡೆಸುವವರು ಮಾತ್ರ ಬೇರೆ. ಕುಷ್ಠರೋಗಿಗಳನ್ನು ಹುಡುಕಿಕೊಂಡು ಊರೂರು ಅಲೆದು ಬೆಳೆದ ಸಂಸ್ಥೆ ಅದು. ಇಂಥ ಏರ್ಪಾಡು ಹಳ್ಳಿಗೆ ಹೊಂದುವುದಾದರೆ ಬಂಧನ ಕೇಂದ್ರಕ್ಕೆ ಇನ್ನೂ ಹೆಚ್ಚು ಹೊಂದುತ್ತದೆ. ಸಂಬಳ ಸರ್ಕಾರವೇ ಕೊಡಲಿ; ಆದರೆ ಡಾಕ್ಟರು ಗೃಹ ಇಲಾಖೆಯ ಕೈಕೆಳಗೆ ಇರಬಾರದು. ಅವರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟ ಚೀಟಿಯನ್ನು ಬೆಂಗಾವಲಿಗೆ ಪೊಲೀಸರಿಲ್ಲವೆಂದು ತಡೆಯುವ ಅಧಿಕಾರಿ, ತಡೆದ ಕಾರಣವನ್ನು ತನ್ನ ಹೆಸರಿನಲ್ಲೇ ಬರೆದು ಸಹಿ ಹಾಕಬೇಕು. ಅದರ ಪ್ರತಿ ಅದೇ ದಿನ ಜಿಲ್ಲಾ ನ್ಯಾಯಾಧೀಶರ ಮೇಜು ತಲುಪಬೇಕು.